ಬಾಗಿಲಲ್ಲಿ ನಿಂತು ಆಡಿದ ಮಾತು

ಬಸ್ಸು ಎಲ್ಲಾದರೂ ಕೆಟ್ಟು ನಿಂತರೆ ಎಷ್ಟು ಚೆನ್ನಾಗಿರುತ್ತದೆ ಎಂದು ಬಯ್ಯಪ್ಪ ಮೂರನೆಯ ಸಲ ಅಂದುಕೊಂಡ. ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಹೊರಟ ಬೆಳಗಿನ ಬಸ್ಸು ಅಂಥ ಲಕ್ಷಣವೇನನ್ನೂ ತೋರಿಸದೆ ಹಿಪ್ಪುನೇರಳೆ ತೋಟಗಳ ನಡುವೆ ಹದವಾಗಿ ಓಡುತ್ತಿತ್ತು. ಮೈಮೇಲೆ ಹೊಸ ಖಾಕಿ ಷರಟು. ಅಮ್ಮ ಚಿಕ್ಕವೆಂಕಟಮ್ಮ ಹಿಂದಿನ ದಿನ ಹಿತ್ತಾಳೆ ಚೆಂಬಿಗೆ ಕೆಂಡ ತುಂಬಿ ಅದನ್ನು ತೀಡಿದ್ದಳು. ತೀಡುತ್ತಲೇ ಪಕ್ಕದ ಮನೆಯವರಿಗೆ, “ನಮ್ಮ ಬಯ್ಯಪ್ಪನ್ಗೆ ಶಿಡ್ಲಘಟ್ಟದ ಸಾಹೇಬ್ರು ಲಾರಿ ಕೊಟ್ಟವ್ರೆ, ಕರ್ದು ಕೊಟ್ಟವ್ರೆ” ಎಂದು ಅವರು ಕೇಳದಿದ್ದರೂ ಹೇಳಿದ್ದಳು. ಕರೆದು ಕೊಟ್ಟರು ಎಂಬುದು ಅವಳು ಹುಟ್ಟಿಸಿದ ಮಾತಲ್ಲ. ಅವಳಿಗೆ ಹಾಗೆಂದು ಹೇಳಿದವನು ಅವನೇ. ಹತ್ತು ಗಂಟೆಗೆ ಸಾದಿಕ್ ಪಾಷಾ ಸಾಹೇಬರ ಲಾರಿಯನ್ನು ಅಮಾನುಲ್ಲಾ ಸಾಬರ ಕೈಯಿಂದ ವಹಿಸಿಕೊಳ್ಳಬೇಕು. ಇಪ್ಪತ್ತೆರಡು ವರ್ಷ ಸಾಹೇಬರ ಗಾಡಿ ಓಡಿಸಿದ ಮನುಷ್ಯ ಅವರು. ಬಯ್ಯಪ್ಪನಿಗೆ ಲಾರಿ ಕಲಿಸಿದವರೂ ಅವರೇ. ಆ ಕೆಲಸ ಅವರ ಕೈತಪ್ಪಿದ್ದು ನಾಲ್ಕು ದಿನದ ಹಿಂದೆ ಬಯ್ಯಪ್ಪ ಆಡಿದ ಮಾತಿನಿಂದ. ಇದು ಸಾಹೇಬರಿಗೆ ಗೊತ್ತು, ತನಗೆ ಗೊತ್ತು. ಸಾಬರಿಗೆ ಗೊತ್ತಿದೆಯೋ ಇಲ್ಲವೋ ಎಂಬುದನ್ನೇ ಅವನು ಊರು ಬಿಟ್ಟಾಗಿನಿಂದ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಗೊತ್ತಿಲ್ಲದಿದ್ದರೆ ಹೀಗೆ ಮಾತಾಡಬೇಕು, ಗೊತ್ತಿದ್ದರೆ ಹೀಗೆ ಎಂದು ಎರಡು ಥರದ ಮಾತನ್ನು ಕಟ್ಟಿಕೊಂಡಿದ್ದ. ಗೊತ್ತಿಲ್ಲದಿದ್ದರೆ ಆಡಬೇಕಾದ ಮಾತೇ ಹೆಚ್ಚು ಕಷ್ಟವಾಗಿ ಕಂಡಿತು.

ಮುಂದೆ ಕೂತ ಬಸ್ಸಿನ ಡ್ರೈವರು ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಬೀಡಿ ಸೇದುತ್ತಿದ್ದ. ಆ ಕೈಯನ್ನು ನೋಡುತ್ತ ಬಯ್ಯಪ್ಪನಿಗೆ, ಡ್ರೈವಿಂಗ್ ಸ್ಕೂಲಿನಲ್ಲಿ ಸ್ಟೇರಿಂಗಿನಿಂದ ಕೈ ತೆಗೆದರೆ ಬೀಳುತ್ತಿದ್ದ ನಲ್ಲಪ್ಪನವರ ಬೆತ್ತ ನೆನಪಾಯಿತು. ಹೋದ ವರ್ಷದ ಹಿಂದಿನ ವರ್ಷ, ಅರವತ್ತರಲ್ಲಿ, ಎಸ್ಸೆಸ್ಸೆಲ್ಸಿ ಎರಡನೆಯ ಸಲವೂ ಫೇಲಾಗಿ, ಡ್ರೈವರ್ ಆಗುತ್ತೇನೆ ಎಂದು ಮನೆಯಲ್ಲಿ ಹೇಳಿದಾಗ ಅವನ ಮುಂದೆ ಎರಡು ದಾರಿಗಳಿದ್ದವು. ಎಲ್ಲರ ಹಾಗೆ ಯಾವುದಾದರೂ ಲಾರಿಗೆ ಕ್ಲೀನರ್ ಆಗಿ ಸೇರಿ, ಎಣ್ಣೆ ಬಟ್ಟೆ ಹಿಡಿದು, ಡ್ರೈವರಿಗೆ ಮನಸ್ಸು ಬಂದ ದಿನ ಒಂದು ಫರ್ಲಾಂಗು ಓಡಿಸುತ್ತ ಕಲಿಯುವುದು ಒಂದು. ಇಲ್ಲವೇ ಚಿಕ್ಕಬಳ್ಳಾಪುರದಲ್ಲಿ ನಲ್ಲಪ್ಪನವರ ಮೋಟಾರ್ ಡ್ರೈವಿಂಗ್ ಸ್ಕೂಲಿಗೆ ಸೇರುವುದು. ಸ್ಕೂಲಿನ ಮುಂದೆ ನೀಲಿ ಬಣ್ಣದ ಬೋರ್ಡು, ಬೋರ್ಡಿನ ಮೇಲೆ ಮೂಗು ಚೂಪಾದ ಒಂದು ಕಾರಿನ ಚಿತ್ರ, ಅದರ ಕೆಳಗೆ ‘ಸರ್ಟಿಫಿಕೇಟ್ ಕೊಡಲಾಗುವುದು’ ಎಂಬ ಸಾಲು. ಆ ಸಾಲನ್ನು ಓದಿಯೇ ಅವನು ಸೇರಿದ್ದು. ತನ್ನ ಜೊತೆ ಓದಿದವರು ತಾಲ್ಲೂಕು ಕಚೇರಿಯಲ್ಲಿ, ಸೊಸೈಟಿಯಲ್ಲಿ ಪೆನ್ನು ಹಿಡಿದು ಕೂತಿರುವಾಗ ತಾನು ಲಾರಿ ಕೆಳಗೆ ಅಂಗಾತ ಮಲಗಿರುವುದನ್ನು ಅವರಲ್ಲಿ ಒಬ್ಬನಾದರೂ ನೋಡುವುದು ಅವನಿಗೆ ಬೇಡವಾಗಿತ್ತು. ಸ್ಕೂಲು ಎಂಬ ಮಾತಿದ್ದರೆ ಸಾಕು, ಎರಡು ಸಲ ಫೇಲಾದದ್ದು ಹೇಗೋ ತೊಳೆದುಹೋಗುತ್ತದೆ ಅನ್ನಿಸಿತ್ತು.

ಅಲ್ಲಿ ಹನ್ನೆರಡು ಜನ ಒಂದು ಬೆಂಚಿನ ಮೇಲೆ ಕೂರುತ್ತಿದ್ದರು. ಮರದ ಚೌಕಟ್ಟಿಗೆ ಮೊಳೆ ಹೊಡೆದು ಕೂರಿಸಿದ ಒಂದು ಸ್ಟೇರಿಂಗನ್ನು ಸರದಿಯ ಮೇಲೆ ತಿರುಗಿಸುತ್ತಿದ್ದರು. ಇಂಜಿನ್ನು ಇಳಿಸಿಟ್ಟ ಒಂದು ಹಳೆಯ ಲಾರಿಯೂ ಇತ್ತು. ಅದರ ಚಕ್ರದ ಸಂದಿಯಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಮಿಲಿಟರಿಯಲ್ಲಿದ್ದು ಬಂದ ನಲ್ಲಪ್ಪನವರು ಬೀದಿಯ ನಡುವೆ ಅವರನ್ನು ಸಾಲಾಗಿ ನಿಲ್ಲಿಸಿ, ಬಲಕ್ಕೆ ತಿರುಗುವಾಗ ಕೈ ಹೇಗೆ ಚಾಚಬೇಕು, ನಿಲ್ಲಿಸುವಾಗ ಹೇಗೆ ಎತ್ತಬೇಕು ಎಂದು ಡ್ರಿಲ್ಲು ಮಾಡಿಸುತ್ತಿದ್ದರು. ಸಂತೆಗೆ ಬಂದ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು. ಸ್ಕೂಲಿನ ಒಂದೇ ಒಂದು ಕಾರನ್ನು ಅವನು ಮೊದಲ ಸಲ ಬಜಾರಿಗೆ ತೆಗೆದುಕೊಂಡು ಹೋದ ದಿನ ಅದು ಚೌಕದಲ್ಲೇ ಆಫ್ ಆಯಿತು. ಹಿಂದೆ ಜಟಕಾಗಳು, ಸೊಪ್ಪಿನ ಗಾಡಿಗಳು ಸಾಲುಗಟ್ಟಿದವು. “ಎತ್ತು ಅಂದ್ಕೊಂಡ್ಯೇನಯ್ಯ, ಹೇ ಅಂದ್ರೆ ಹೋಗಕ್ಕೆ? ಇಳಿ, ಇಳ್ದು ತಳ್ಳು” ಎಂದರು ನಲ್ಲಪ್ಪನವರು. ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಬಗ್ಗಿ ಅವನು ಕಾರನ್ನು ತಳ್ಳುತ್ತಿದ್ದಾಗ ಒಳಗೆ ಅವರು ಸ್ಟೇರಿಂಗ್ ಹಿಡಿದು ಕೂತೇ ಇದ್ದರು. ಎರಡು ತಿಂಗಳಾದ ಮೇಲೆ ಸರ್ಟಿಫಿಕೇಟು ಬಂತು, ಕೆಂಪು ಮೊಹರಿನದು. ಲಾರಿ ಓಡಿಸಲು ಮಾತ್ರ ಬಂದಿರಲಿಲ್ಲ.

ಓಡಿಸಲು ಬಂದದ್ದು ಆಮೇಲೆ. ಸ್ಕೂಲು ಮುಗಿದ ಕಡೆಯ ದಿನ ಬಸ್ಸು ತಪ್ಪಿಹೋಗಿ ರಸ್ತೆಯಲ್ಲಿ ಕೈ ಅಡ್ಡ ಹಿಡಿದು ನಿಂತಿದ್ದವನನ್ನು ಒಂದು ಬೆಡ್‌ಫರ್ಡ್ ಲಾರಿ ಹತ್ತಿಸಿಕೊಂಡಿತು. ಸ್ವಲ್ಪ ದೂರ ಹೋದ ಮೇಲೆ ಡ್ರೈವರು, ಬಿಳಿಯ ಕುರುಚಲು ಗಡ್ಡದ ಐವತ್ತರ ಮನುಷ್ಯ, ರಸ್ತೆಯಿಂದ ಕಣ್ಣು ತೆಗೆಯದೆಯೇ ಕೇಳಿದರು.

“ಕಾಲು ಯಾಕಪ್ಪಾ ಕುಣಿಸ್ತಾ ಇದ್ದೀಯ?”

ಅವನಿಗೇ ಗೊತ್ತಿಲ್ಲದೆ ಅವನ ಎಡಗಾಲು ಅವರು ಕ್ಲಚ್ಚು ತುಳಿದಾಗಲೆಲ್ಲ ತಾನೂ ತುಳಿಯುತ್ತಿತ್ತು. ಅವನು ನಾಚಿಕೆಯಿಂದ ಕಾಲನ್ನು ಸೀಟಿನ ಕೆಳಗೆ ಎಳೆದುಕೊಂಡ. ಅವರು ನಗಲಿಲ್ಲ. “ನೀನು ತುಳಿದಿದ್ದು ಸರಿಯಾಗೇ ಐತೆ. ಬಿಡೋದು ಬೇಗ ಬಿಡ್ತೀಯ, ಅಷ್ಟೇ” ಎಂದರು. ಅವರೇ ಅಮಾನುಲ್ಲಾ ಸಾಬರು. ಆವತ್ತಿನಿಂದ ಸುಮಾರು ಒಂದು ವರ್ಷ, ವಾರಕ್ಕೆ ಮೂರು ದಿನ ನಾಲ್ಕು ದಿನ, ಅವರ ಲಾರಿಯಲ್ಲಿ ಅವನು ತಿರುಗಿದ. ರೇಷ್ಮೆಗೂಡಿನ ಸುಗ್ಗಿಯಲ್ಲಿ ಹಳ್ಳಿಹಳ್ಳಿಯಿಂದ ಗೂಡು ತಂದು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹಾಕುವುದು, ಬಾಕಿ ದಿನ ಆಲೂಗಡ್ಡೆಯೋ ಹುಣಸೆಹಣ್ಣೋ ಬೆಂಗಳೂರಿಗೆ ಹೊರುವುದು. ಕೆರೆ ಏರಿಯ ಮೇಲೆ ಅವನ ಕೈಗೆ ಗಾಡಿ ಕೊಟ್ಟು ಪಕ್ಕದಲ್ಲಿ ಕೂತು ಅವರು ವೀಳ್ಯದೆಲೆ ಹಾಕಿಕೊಳ್ಳುತ್ತಿದ್ದರು. ಒಮ್ಮೆಯೂ ಗದರಲಿಲ್ಲ. ಮಧ್ಯಾಹ್ನ ಊಟಕ್ಕೆ ಅವರ ಮನೆ. ಹೆಂಡತಿ ರಹಮತುನ್ನೀಸಾ ತಾವೇ ಬಡಿಸುತ್ತಿದ್ದರು. ತನ್ನ ಮನೆಯಲ್ಲಿ ಅವನು “ಹೋಟೆಲಲ್ಲಿ ತಿಂದೆ” ಎನ್ನುತ್ತಿದ್ದ. ಲೈಸೆನ್ಸಿಗೆ ಕೋಲಾರಕ್ಕೆ ಹೋದ ದಿನ ಸಾಬರು ಸಾಹೇಬರನ್ನು ಕೇಳಿ ತಮ್ಮ ಲಾರಿಯನ್ನೇ ತಂದಿದ್ದರು. ಬ್ರೇಕ್ ಇನ್‌ಸ್ಪೆಕ್ಟರು, “ಚೆನ್ನಾಗಿ ಓಡಿಸ್ತೀಯ, ಎಲ್ಲಿ ಕಲಿತಿದ್ದು?” ಎಂದು ಕೇಳಿದಾಗ ಬಯ್ಯಪ್ಪ ಜೇಬಿನಿಂದ ಸರ್ಟಿಫಿಕೇಟು ತೆಗೆದು, “ನಲ್ಲಪ್ಪನವ್ರ ಸ್ಕೂಲಲ್ಲಿ ಸಾರ್” ಎಂದ. ಎರಡು ಮಾರು ದೂರದಲ್ಲಿ ಬಾನೆಟ್ಟು ಒರೆಸುತ್ತಿದ್ದ ಸಾಬರಿಗೆ ಅದು ಕೇಳಿಸಿರಲೇಬೇಕು. ಅವರು ಒರೆಸುತ್ತಲೇ ಇದ್ದರು. ವಾಪಸು ಬರುವಾಗ ದಾರಿಯುದ್ದಕ್ಕೂ ಬೇರೆ ಏನೇನೋ ಮಾತಾಡಿದರು.

ಬಸ್ಸು ಒಂದು ಹಳ್ಳಿಯಲ್ಲಿ ನಿಂತು ಗೂಡಿನ ಬುಟ್ಟಿಗಳನ್ನು ಮೇಲೆ ಹತ್ತಿಸಿಕೊಂಡಿತು. ಇಳಿದುಬಿಡಲೇ ಎಂದು ಅವನಿಗೆ ಅನ್ನಿಸಿತು. ಇಳಿದು ಗೌರಿಬಿದನೂರಿಗೆ ಹೋಗಿ ಲಕ್ಷ್ಮಯ್ಯನವರ ಮುಂದೆ ನಿಂತು, ನೀವು ಕೇಳಿದ್ದಕ್ಕೆ ನಾನು ಹೇಳಿದ್ದು ಸುಳ್ಳು ಎಂದುಬಿಟ್ಟರೆ? ಅವನು ಮೊದಲು ಕೆಲಸ ಕೇಳಿಕೊಂಡು ಹೋದದ್ದು ಅಲ್ಲಿಗೇ. ಸ್ಟೇಷನ್ ಹತ್ತಿರ ಅವರ ಮಂಡಿ. ಎರಡು ಲಾರಿ, ಬೆಲ್ಲ, ಕಡಲೆಕಾಯಿ. ಎದುರಿಗೆ ಪೆಟ್ಟಿಗೆ ಮೇಜಿನ ಹಿಂದೆ ಕೂತ ಗುಮಾಸ್ತ ತಲೆಯೆತ್ತಿದ. ನೋಡಿದರೆ ತನ್ನ ಜೊತೆ ಓದಿದ ಮುನಿಶಾಮಿ, ಹೈಸ್ಕೂಲಿನಲ್ಲಿ ಮೂರು ವರ್ಷ ಒಂದೇ ಬೆಂಚಿನವನು. “ಏನೋ ಬಯ್ಯಪ್ಪ, ಡ್ರೈವರ್ರಾ?” ಎಂದು ಅವನು ಕೇಳಿದ್ದರಲ್ಲಿ ಕುಹಕವೇನೂ ಇರಲಿಲ್ಲ. ಆದರೂ ಬಯ್ಯಪ್ಪನ ಕಿವಿ ಬಿಸಿಯಾದವು. ಲಕ್ಷ್ಮಯ್ಯನವರು ಸರ್ಟಿಫಿಕೇಟನ್ನು ಓದಲಿಲ್ಲ. ಸೆಕೆಯಿತ್ತು, ಅದನ್ನು ಎರಡಾಗಿ ಮಡಿಸಿ ಮುಖಕ್ಕೆ ಗಾಳಿ ಹಾಕಿಕೊಂಡರು.

“ಸ್ಕೂಲಲ್ಲಿ ಲಾರಿ ಕಲಿಸ್ತಾರೇನಯ್ಯ? ನಿಜ ಹೇಳು, ಯಾರ ಕೈ ಕೆಳಗೆ ಓಡ್ಸಿದ್ದೀಯ?”

ಮುನಿಶಾಮಿ ಪೆನ್ನು ನಿಲ್ಲಿಸಿ ಕೇಳುತ್ತಿದ್ದ. ಸಾಬರ ಲಾರಿಯಲ್ಲಿ ಕ್ಲೀನರ್ ಹಾಗೆ ತಿರುಗಿದೆ, ಅವರ ಮನೆಯಲ್ಲಿ ಉಂಡೆ ಎಂದು ಇವನ ಮುಂದೆ ಹೇಳುವುದೇ? “ಸ್ಕೂಲಲ್ಲೇ ಸ್ವಾಮಿ, ಎಲ್ಲಾ ಅಲ್ಲೇ ಕಲ್ತಿದ್ದು” ಎಂದ ಬಯ್ಯಪ್ಪ.

“ಹಂಗಾದ್ರೆ ಆರು ತಿಂಗಳು ಮೂಟೆ ಹತ್ಸು. ನಮ್ಮ ಡ್ರೈವರ್ ಪಕ್ಕ ಕೂತ್ಕೊಂಡು ನೋಡು. ಆಮೇಲೆ ಯೋಚ್ನೆ ಮಾಡಣ” ಎಂದು ಲಕ್ಷ್ಮಯ್ಯನವರು ಕಾಗದ ವಾಪಸು ಕೊಟ್ಟರು. ಕೊಡುತ್ತ, ತಮ್ಮಷ್ಟಕ್ಕೆ ಎಂಬಂತೆ, “ಆ ಶಿಡ್ಲಘಟ್ಟದ ಅಮಾನುಲ್ಲಾ ಅಂಥೋರ ಕೈಲಿ ಪಳಗಿದವನಾಗಿದ್ರೆ ಈವತ್ತೇ ಬೀಗದ ಕೈ ಕೊಡ್ತಿದ್ದೆ” ಎಂದರು. ಈಗ ನಿಜ ಹೇಳಿದರೆ ಬಯ್ಯಪ್ಪ ಸುಳ್ಳುಗಾರನಾಗುತ್ತಾನೆ; ಅದೂ ಮುನಿಶಾಮಿಯ ಎದುರಿಗೆ. ಮಡಿಸಿದ ಗೆರೆ ಬಿದ್ದ ಸರ್ಟಿಫಿಕೇಟನ್ನು ತೆಗೆದುಕೊಂಡು ಅವನು ನಮಸ್ಕಾರ ಮಾಡಿ ಹೊರಗೆ ಬಂದ. ರೈಲು ಗೇಟು ಹಾಕಿತ್ತು. ಹಿಂದೂಪುರದ ಕಡೆಯಿಂದ ಬಂದ ಗೂಡ್ಸ್ ಗಾಡಿಯ ಒಂದೊಂದೇ ಡಬ್ಬಿಯನ್ನು ನೋಡುತ್ತ ನಿಂತಾಗ ಅವನಿಗೆ ತನ್ನ ಮೇಲೆ ಬರಬೇಕಾದ ಸಿಟ್ಟು ಹೇಗೋ ದಾರಿ ತಪ್ಪಿ ಅಮಾನುಲ್ಲಾ ಸಾಬರ ಮೇಲೆ ಬಂತು.

ಮರುದಿನವೇ ಅವನು ಶಿಡ್ಲಘಟ್ಟಕ್ಕೆ ಹೋದ. ಸಾದಿಕ್ ಪಾಷಾ ಸಾಹೇಬರು ಇನ್ನೊಂದು ಲಾರಿ ತೆಗೆದುಕೊಳ್ಳುತ್ತಾರೆ ಎಂಬ ಸುದ್ದಿಯಿತ್ತು. ನೂಲು ತೆಗೆಯುವ ರೀಲಿಂಗ್ ಮನೆಯ ಪಕ್ಕದ ಅವರ ಚಿಕ್ಕ ಕಚೇರಿಯೊಳಗೆ ಬೇಯುವ ಗೂಡಿನ ವಾಸನೆ ತುಂಬಿಕೊಂಡಿತ್ತು. ಸಾಹೇಬರು ಅವನನ್ನು ಕೂರಿಸಿ ಟೀ ತರಿಸಿದರು. ಒಳ್ಳೆಯ ಮನುಷ್ಯ, ಮಾತು ಮೆತ್ತಗೆ. “ಹೊಸ ಗಾಡಿ ಈ ವರ್ಷ ಆಗಲ್ಲ ಬಯ್ಯಪ್ಪ. ಒಂದು ಲಾರಿ, ಅದಕ್ಕೆ ಅಮಾನುಲ್ಲಾ ಇದಾರೆ. ಅವರಿರೋವರೆಗೂ ನಾನು ಬೇರೆ ಯಾರನ್ನೂ ಇಡೋ ಹಂಗಿಲ್ಲ. ನಿಂಗೆ ಬೇರೆ ಕಡೆ ಹೇಳ್ತೀನಿ” ಎಂದರು. ಅವನು ಎದ್ದ. ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಿದ್ದ, ಒಂದು ಕಾಲಿಗೆ ಹಾಕಿಯಾಗಿತ್ತು, ಇನ್ನೊಂದನ್ನು ಕಾಲಿನ ಬೆರಳಿನಿಂದ ಎಳೆದುಕೊಳ್ಳುತ್ತಿದ್ದ. ಆಗ ಅವನ ಬಾಯಿಂದ ಬಂತು:

“ಅವ್ರಿಗೆ ಸಂಜೆಮೇಲೆ ಕಣ್ಣು ಕಾಣ್ಸಲ್ಲ ಸಾಹೇಬ್ರೆ.”

ಅದು ನಿಜ. ಹೊತ್ತು ಮುಳುಗುವಾಗ ಸಾಬರು ರಸ್ತೆ ಪಕ್ಕ ಗಾಡಿ ನಿಲ್ಲಿಸಿ, ಟವಲು ಹಾಸಿ ನಮಾಜು ಮಾಡಿ, ಎದ್ದವರು ಸ್ಟೇರಿಂಗಿನ ಕಡೆ ಬರದೆ ಎಡಗಡೆಯ ಸೀಟಿಗೆ ಹತ್ತುತ್ತಿದ್ದರು. “ಇನ್ನು ನೀನು ಹಿಡಿ, ಸಂಜೆ ಹೊತ್ತಿಂದೂ ಅಭ್ಯಾಸ ಆಗ್ಲಿ” ಎನ್ನುತ್ತಿದ್ದರು. ಅದು ಔದಾರ್ಯ ಎಂದು ಅವನು ತಿಳಿದಿದ್ದ. ಒಂದು ಸಂಜೆ ಕೈವಾರದ ಕ್ರಾಸಿನ ಟೀ ಅಂಗಡಿಯಲ್ಲಿ ಬೆಂಚಿನ ಮೇಲಿಟ್ಟ ಗ್ಲಾಸಿಗೆ ಅವರು ಚಾಚಿದ ಕೈ ಗ್ಲಾಸಿನಿಂದ ಒಂದು ಗೇಣು ಆಚೆಗೆ ಹೋಗಿ, ಹಲಗೆಯನ್ನು ತಡವಿ, ನಿಧಾನವಾಗಿ ಈಚೆಗೆ ಬಂತು. ಅವನು ನೋಡಿದ. ಅವನು ನೋಡಿದ್ದನ್ನು ಅವರೂ ತಿಳಿದರು. ಇಬ್ಬರೂ ಟೀ ಕುಡಿದರು. ಕಣ್ಣಿನ ಮಾತು ಆಮೇಲೆ ಯಾವತ್ತೂ ಬರಲಿಲ್ಲ. ಆ ಮೌನವನ್ನು ಅವರು ತನ್ನ ಕೈಯಲ್ಲಿ ನಂಬಿ ಇಟ್ಟಿದ್ದರು ಎಂದು ಈಗ ಬಸ್ಸಿನಲ್ಲಿ ಕೂತು ಅವನಿಗೆ ತಿಳಿಯುತ್ತಿತ್ತು, ಆಗಲೂ ತಿಳಿದಿತ್ತು.

ಸಾಹೇಬರು ಟೀ ಲೋಟವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, “ಎಷ್ಟು ದಿನದಿಂದ?” ಎಂದರು. ನಿಜಕ್ಕೆ ಐದು ತಿಂಗಳಾಗಿರಬಹುದು. “ಒಂದು ವರ್ಷ ಆಗಿರ್ಬೋದು” ಎಂದ ಅವನು. “ನೀನೇ ಕಣ್ಣಾರೆ ನೋಡಿದ್ಯಾ?” ಎಂದರು ಸಾಹೇಬರು, ಇಲ್ಲ ಎಂದರೆ ಸಾಕು ಎಂಬಂಥ ದನಿಯಲ್ಲಿ. ಆ ದನಿ ಕೇಳಿ ಅವನಿಗೆ ತನ್ನ ಮಾತು ಎಲ್ಲಿ ಬಿದ್ದುಹೋಗುತ್ತದೋ ಎಂದು ಹೆದರಿಕೆಯಾಯಿತು. “ಒಂದ್ಸಲ ಎತ್ತಿನ ಗಾಡಿ ಮೇಲೇ ಬಿಡ್ತಿದ್ರು. ನಾನು ಸ್ಟೇರಿಂಗ್ ಎಳ್ದೆ, ಇಲ್ದಿದ್ರೆ ಗಾಡಿಯೋನು ಹೋಗ್ಬಿಡ್ತಿದ್ದ” ಎಂದ. ಅಂಥ ಎತ್ತಿನ ಗಾಡಿ ಯಾವ ರಸ್ತೆಯಲ್ಲೂ ಇರಲಿಲ್ಲ. ಅದರ ಎತ್ತುಗಳ ಬಣ್ಣ ಕೇಳಿದ್ದರೂ ಹೇಳುತ್ತಿದ್ದನೇನೋ. ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಗುರುವಾರ ಬಾ” ಎಂದರು.

ಇವತ್ತು ಆ ಗುರುವಾರ. ಬಸ್ಸು ಶಿಡ್ಲಘಟ್ಟ ಸೇರಿತು.

ಮಾರ್ಕೆಟ್ಟಿನ ಹಿಂದಿನ ಬೇವಿನ ಮರದ ಕೆಳಗೆ ಲಾರಿ ನಿಂತಿತ್ತು, ತೊಳೆದು, ಗಾಜು ಒರೆಸಿ. ಆಲೂಗಡ್ಡೆ ಮೂಟೆ ಆಗಲೇ ಏರಿಸಿ ಹಗ್ಗ ಬಿಗಿದಿದ್ದರು. ಸಾಹೇಬರು ಇರಲಿಲ್ಲ, ಬೆಳಿಗ್ಗೆಯೇ ಎಲ್ಲೋ ಹೋದರಂತೆ. ಇಲ್ಲದಿರುವುದಕ್ಕೇ ಹೋಗಿದ್ದಾರೆ ಎಂದು ಬಯ್ಯಪ್ಪನಿಗೆ ಅನ್ನಿಸಿತು. ಅಮಾನುಲ್ಲಾ ಸಾಬರು ಒಗೆದ ಬಿಳಿ ಜುಬ್ಬ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಅವರನ್ನು ಖಾಕಿ ಇಲ್ಲದೆ ಅವನು ನೋಡಿದ್ದು ಕಡಿಮೆ. “ಬಂದ್ಯಾ? ಬಾ” ಎಂದು ಎದ್ದರು. ಮುಖದಲ್ಲಿ ಏನೂ ಓದಲಾಗಲಿಲ್ಲ. ಬೀಗದ ಕೈ ಕೊಟ್ಟರು, ಟೂಲ್ ಪೆಟ್ಟಿಗೆ ತೆಗೆದು ಒಂದೊಂದು ಸ್ಪಾನರನ್ನೂ ತೋರಿಸಿದರು. ಬ್ರೇಕು ಒತ್ತಿದರೆ ಎಡಕ್ಕೆ ಸ್ವಲ್ಪ ಎಳೆಯುತ್ತದೆ, ದಿಬ್ಬದಲ್ಲಿ ನೀರು ಕುದಿಯುತ್ತದೆ, ನಿಲ್ಲಿಸಿ ತಣ್ಣಗಾಗುವ ತನಕ ಮುಚ್ಚಳ ತೆಗೆಯಬಾರದು ಎಂದೆಲ್ಲ ಹೇಳಿದರು. ಕಟ್ಟಿಕೊಂಡು ಬಂದ ಎರಡು ಥರದ ಮಾತಿನಲ್ಲಿ ಒಂದೂ ಅವನಿಗೆ ಉಪಯೋಗಕ್ಕೆ ಬರಲಿಲ್ಲ. ಹೂಂ, ಹೂಂ ಎನ್ನುತ್ತಿದ್ದ.

“ಊಟ ಮಾಡ್ಕೊಂಡು ಹೊರಡೋಣ. ನಾನೂ ಚಿಕ್ಕಬಳ್ಳಾಪುರದ ತನಕ ಬರ್ತೀನಿ. ಆಸ್ಪತ್ರೇಲಿ ಕಣ್ಣು ತೋರಿಸ್ಬೇಕು” ಎಂದರು.

ಅವನು ಬೀಗದ ಕೈ ಜೇಬಿಗೆ ಹಾಕಿಕೊಂಡು ಅವರ ಹಿಂದೆ ಮನೆಗೆ ನಡೆದ. ಹೊಸಿಲು ದಾಟುವಾಗ ರಹಮತುನ್ನೀಸಾ ಎಂದಿನಂತೆ ಕಾಲಿಗೆ ನೀರು ಕೊಟ್ಟು, “ಬಾಪ್ಪಾ, ಬಾ” ಎಂದರು. ಅನ್ನ, ಬೇಳೆ, ಅವನಿಗೆಂದೇ ಮಾಡಿದ ಮೊಟ್ಟೆ ಪಲ್ಯ. ಬಡಿಸುತ್ತ ಅವರು ತಡೆದುಕೊಳ್ಳಲಾರದೆ ಶುರು ಮಾಡಿದರು: “ನೋಡಪ್ಪ ಬಯ್ಯಪ್ಪ, ಇಷ್ಟು ವರ್ಷ ದುಡಿದ್ರು, ಯಾರೋ ಹೋಗಿ ಸಾಹೇಬ್ರ ಕಿವಿ ಊದಿದಾರೆ. ಇವ್ರು ಯಾರ ಮೇಲೋ ಲಾರಿ ಬಿಡ್ತಿದ್ರಂತೆ! ಇವ್ರು! ಅವನ ಬಾಯಿಗೆ ಹುಳ ಬೀಳ. ಯಾರು ಅಂತ ಕೇಳಿದ್ರೆ ಇವ್ರು ಹೇಳಲ್ಲ, ಸಾಹೇಬ್ರೂ ಹೇಳಲ್ಲ. ನಿಂಗೇನಾದ್ರೂ ಗೊತ್ತಾದ್ರೆ ನಂಗೆ ಹೇಳು ಬೇಟಾ. ಅವನ ಮನೆ ಮುಂದೆ ಹೋಗಿ ನಿಂತ್ಕೊಂಡು ಕೇಳ್ತೀನಿ.”

“ಬಿಡು, ಊಟದ ಹೊತ್ನಲ್ಲಿ” ಎಂದರು ಸಾಬರು.

“ಹೋಗ್ಲಿ, ಲಾರಿ ನಮ್ಮ ಹುಡುಗನ ಕೈಗೇ ಬಂತಲ್ಲ, ಅಲ್ಲಾ ಅಷ್ಟಾದ್ರೂ ಮಾಡ್ದ” ಎಂದು ಆಕೆ ಇನ್ನೊಂದು ಸೌಟು ಅನ್ನ ಹಾಕಿದರು. ಹೇಳಿಬಿಡಬೇಕು, ಈಗಲೇ, ಕೈ ಎಂಜಲಿರುವಾಗಲೇ ಹೇಳಿಬಿಡಬೇಕು ಎಂದು ಅವನು ತಲೆಯೆತ್ತಿದ. ಆಕೆಯ ಮುಖ ಎಷ್ಟು ಹತ್ತಿರವಿತ್ತೆಂದರೆ ಮೂಗುಬೊಟ್ಟಿನ ಸವೆದ ಕಲ್ಲು ಕಾಣುತ್ತಿತ್ತು. “ಸಾಕಮ್ಮಾ” ಎಂದ. ಹಾಕಿದ್ದನ್ನೆಲ್ಲ ಒಂದು ಅಗುಳು ಬಿಡದೆ ತಿಂದ. ತಿನ್ನುವುದೊಂದೇ ಆ ಹೊತ್ತಿಗೆ ಅವನಿಂದ ಆಗುವ ಪ್ರಾಯಶ್ಚಿತ್ತ ಎಂಬಂತೆ ತಿಂದ, ತಿನ್ನುತ್ತಿರುವಾಗಲೇ ಅದರ ರುಚಿ ನಾಲಿಗೆಗೆ ಹಿತವಾಗಿದ್ದಕ್ಕೆ ನಾಚಿದ.

ಲಾರಿ ಹೊರಟಿತು. ಸಾಬರು ಎಡಗಡೆಯ ಸೀಟಿನಲ್ಲಿ, ಮಡಿಲಲ್ಲಿ ಟವಲು ಇಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಹಗಲು, ಬಿಸಿಲು, ದೂರಕ್ಕೆ ಚಿಕ್ಕಬಳ್ಳಾಪುರದ ಬೆಟ್ಟಗಳು. ಅವು ಅವರಿಗೆ ಎಷ್ಟು ಕಾಣುತ್ತಿವೆಯೋ ಎಂದು ಅವನು ಓರೆಗಣ್ಣಿನಿಂದ ನೋಡಿದ. ಮೊದಲ ದಿಬ್ಬ ಹತ್ತಿ ಇಳಿದ ಮೇಲೆ ಸಾಬರು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ದಾರಿಯಲ್ಲಿ ಬರುವ ಯಾವುದೋ ಊರಿನ ಹೆಸರು ಕೇಳುವ ಹಾಗಿತ್ತು.

“ಅದು ಯಾವ ಎತ್ತಿನ ಗಾಡಿ, ಬಯ್ಯಪ್ಪ?”

ಅವನ ಕಾಲು ಆಕ್ಸಿಲರೇಟರಿನ ಮೇಲಿಂದ ತಾನಾಗಿ ಎದ್ದಿತು. ಲಾರಿ ಓಡುತ್ತ ಓಡುತ್ತ ಸೋತು ಹುಣಸೆ ಮರದ ನೆರಳಿನಲ್ಲಿ ನಿಲ್ಲುವಂತಾಯಿತು. ಸಾಬರು, “ನಿಲ್ಲಿಸ್ಬೇಡ, ಮೂಟೆ ಐತೆ, ಹೋಗ್ತಾ ಇರು” ಎಂದರು. ಅವನು ಗೇರು ಬದಲಾಯಿಸಿದ.

“ಕಣ್ಣು ಕಾಣಲ್ಲ ಅಂದಿದ್ದು ನಿಜಾನೇ. ಅದನ್ನ ನಾನೇ ಸಾಹೇಬ್ರಿಗೆ ಹೇಳ್ಬೇಕಾಗಿತ್ತು, ಹೇಳಲಿಲ್ಲ, ಅದು ನಂದು ತಪ್ಪು. ಹೇಳಿದ್ಯಲ್ಲ ಅಂತ ನಂಗೆ ಸಿಟ್ಟಿಲ್ಲ. ಎತ್ತಿನ ಗಾಡಿ ಯಾವುದು ಅಂತ ನಾಲ್ಕು ದಿನದಿಂದ ಯೋಚ್ನೆ ಮಾಡ್ತಾ ಇದ್ದೀನಿ. ಮರ್ತೋಗಿದ್ದೀನೇನೋ ಅಂತ. ಕಣ್ಣು ಹೋದಂಗೆ ನೆನಪೂ ಹೋಯ್ತಾ ಅಂತ.”

“ಇಲ್ಲ” ಎಂದ ಬಯ್ಯಪ್ಪ. ಲಾರಿಯ ಸದ್ದಿನಲ್ಲಿ ಅದು ಕೇಳಿಸಲಿಲ್ಲ. ಮತ್ತೆ ಹೇಳಿದ: “ಇಲ್ಲ ಸಾಬ್ರೆ. ಯಾವ ಗಾಡೀನೂ ಇರಲಿಲ್ಲ. ನಾನೇ ಹೇಳ್ದೆ.”

“ಹಾಂ” ಎಂದರು ಅವರು. ಹೆಗಲ ಭಾರ ಇಳಿದವರ ಹಾಗೆ ಸೀಟಿಗೆ ಒರಗಿದರು. “ಮಬ್ಬಾದ ಮೇಲೆ ನಾನು ಸ್ಟೇರಿಂಗ್ ಮುಟ್ಟಿಲ್ಲ ಅಂತ ನಿಂಗೊಬ್ಬನಿಗೆ ತಾನೇ ಗೊತ್ತಿದ್ದಿದ್ದು?”

“ಸಾಹೇಬ್ರು ಕೇಳ್ದಾಗ ನೀವು ಇಲ್ಲ ಅಂತ ಹೇಳ್ಬೇಕಾಗಿತ್ತು.”

“ಕೇಳಿದ್ರು. ಸುಮ್ನೆ ಇದ್ದೆ. ಅದು ಸುಳ್ಳು ಅಂದಿದ್ರೆ ಸಾಹೇಬ್ರು ನಿನ್ನ ಕೈಗೆ ಗಾಡಿ ಕೊಡ್ತಿದ್ರಾ? ನನ್ನ ಗಾಡಿ ಯಾರಾದ್ರೂ ಓಡಿಸ್ಬೇಕಲ್ಲ. ಗೊತ್ತಿಲ್ದೋನ ಕೈಗೆ ಹೋಗೋದ್ಕಿಂತ ನೀನೇ ವಾಸಿ ಅಂದ್ಕೊಂಡೆ.”

ಮುಂದೆ ಕುರಿಗಳ ಹಿಂಡು ರಸ್ತೆ ದಾಟುತ್ತಿತ್ತು. ಅವನು ಹಾರನ್ ಒತ್ತಿದ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒತ್ತಿದ. ಈ ಮನುಷ್ಯ ಬೈದಿದ್ದರೆ, ಒಂದು ಏಟು ಹಾಕಿದ್ದರೆ, ಗಾಡಿ ನಿಲ್ಲಿಸಿ ಇಳಿ ಎಂದಿದ್ದರೆ ತನಗೊಂದು ನೆಲೆ ಸಿಗುತ್ತಿತ್ತು ಅನ್ನಿಸಿತು. “ನಾನು ಬಿಟ್ಟುಬಿಡ್ತೀನಿ.  ಬೆಂಗಳೂರಿಂದ ಬಂದೋನೇ ಸಾಹೇಬ್ರಿಗೆ ನಿಜ ಹೇಳಿ ಬೀಗದ ಕೈ ಕೊಟ್ಬಿಡ್ತೀನಿ” ಎಂದ. ಹೇಳುವಾಗಲೇ ಅದು ತಾನು ಮಾಡುವ ಕೆಲಸವಲ್ಲ ಎಂದು ಗೊತ್ತಾಯಿತು. ಇಸ್ತ್ರಿಯ ಷರಟು, ಅಮ್ಮ, ಪಕ್ಕದ ಮನೆಯವರು. ಸಾಬರಿಗೂ ಗೊತ್ತಾಗಿರಬೇಕು. “ಮುಂದೆ ನೋಡಿ ಓಡಿಸು” ಎಂದರು.

ಆಸ್ಪತ್ರೆಯ ಗೇಟಿನ ಮುಂದೆ ಅವನು ಬೇಗ ಇಳಿದು ಆ ಕಡೆಗೆ ಸುತ್ತಿಕೊಂಡು ಹೋಗಿ ಕೈ ಚಾಚಿದ. ಸಾಬರು ಅವನ ಕೈ ಹಿಡಿಯಲಿಲ್ಲ. ಕಾಣಲಿಲ್ಲವೋ, ಬೇಡವೆನ್ನಿಸಿತೋ, ಬಾಗಿಲ ಕಂಬಿ ಹಿಡಿದು ಕಾಲಿನಿಂದ ಮೆಟ್ಟಿಲನ್ನು ಹುಡುಕಿ ತಾವೇ ಇಳಿದರು. ಒಳಗೆ ಜನ ಸಾಲು ನಿಂತಿದ್ದರು. ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡ ಮುದುಕಿಯರು, ಮೊಮ್ಮಕ್ಕಳ ಹೆಗಲು ಹಿಡಿದ ಮುದುಕರು. ಪೊರೆ ಇನ್ನೂ ಹಣ್ಣಾಗಿಲ್ಲ, ಬೇಸಿಗೆ ಕಳೆದು ಬಾ ಎಂದು ಆವತ್ತು ಡಾಕ್ಟರು ಅವರನ್ನು ವಾಪಸು ಕಳಿಸಿದರಂತೆ. ಮರುವರ್ಷ ಒಂದು ಕಣ್ಣಿಗೆ ಆಪರೇಷನ್ ಆಗಿ ದಪ್ಪ ಕನ್ನಡಕ ಬಂತು. ಇವೆಲ್ಲ ಬಯ್ಯಪ್ಪನಿಗೆ ಬೇರೆಯವರ ಬಾಯಿಂದ ತಿಳಿದದ್ದು. ಶಿಡ್ಲಘಟ್ಟದಲ್ಲಿ ಅವನು ಏಳು ವರ್ಷ ಆ ಲಾರಿ ಓಡಿಸಿದರೂ ಸಾಬರ ಮನೆಯ ಬೀದಿಗೆ ಕಾಲಿಡಲಿಲ್ಲ. ಗಾಡಿ ತಿರುಗುವುದಿಲ್ಲ, ಓಣಿ ಇಕ್ಕಟ್ಟು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಆದರೆ ಆವತ್ತು, ಮೂಟೆ ಹೊತ್ತ ಲಾರಿಯನ್ನು ಹೊರಗೆ ಬಿಟ್ಟು, ಅವನು ಅವರ ಹಿಂದೆ ಸಾಲಿನಲ್ಲಿ ನಿಂತ. ಅವರು ಹೋಗು ಎನ್ನಲಿಲ್ಲ. ಇದ್ದಾನೆ ಎಂಬುದು ತಿಳಿದ ಹಾಗೂ ತೋರಿಸಲಿಲ್ಲ. ಕಿಟಕಿಯ ಹತ್ತಿರ ಬಂದಾಗ ಚೀಟಿ ಬರೆಯುವ ಕಾಂಪೌಂಡರು ಹೆಸರು ಕೇಳಿದ, ವಯಸ್ಸು ಕೇಳಿದ, ಊರು ಕೇಳಿದ. ಬರೆದುಕೊಂಡು ತಲೆಯೆತ್ತಿ ಬಯ್ಯಪ್ಪನನ್ನು ನೋಡಿದ.

“ಜೊತೇಲಿ ಬಂದಿರೋದು ಯಾರು? ಏನಾಗ್ಬೇಕು ನಿಮಗೆ?”

ಬಯ್ಯಪ್ಪನ ಬಾಯಿ ತೆರೆಯಿತು. ಇಷ್ಟು ದಿನ ಯಾವ ಇನ್‌ಸ್ಪೆಕ್ಟರಿಗೂ, ಯಾವ ಧಣಿಗೂ ಹೇಳದಿದ್ದದ್ದನ್ನು ಈ ಕಿಟಕಿಯಲ್ಲಿ, ಈ ಗುರುತಿಲ್ಲದವನ ಮುಂದೆ, ಈ ಸಾಲಿನವರೆಲ್ಲ ಕೇಳುವ ಹಾಗೆ ಹೇಳಿಬಿಡುತ್ತೇನೆ ಎಂದು ಉಸಿರು ಎಳೆದುಕೊಂಡ. ಅಷ್ಟರಲ್ಲಿ ಸಾಬರು ತಿರುಗದೆಯೇ, ಕಿಟಕಿಯ ಕಂಬಿಗಳ ಕಡೆಗೇ ಮುಖ ಮಾಡಿಕೊಂಡು ಹೇಳಿದರು:

“ಏನೂ ಆಗ್ಬೇಕಾಗಿಲ್ಲ ಸ್ವಾಮಿ. ಅವ್ರು ಲಾರಿ ಡ್ರೈವರು. ಈ ಕಡೆ ಹೋಗ್ತಾ ಇದ್ರು, ಪಾಪ, ನನ್ನ ಇಳಿಸಿ ಹೋಗಣ ಅಂತ ಬಂದಿದಾರೆ.”

ಆಗಷ್ಟೇ ದಾರಿಯಲ್ಲಿ ನೀನು ಎನ್ನುತ್ತಿದ್ದವರು ಈಗ ‘ಅವ್ರು’, ‘ಬಂದಿದಾರೆ’ ಎಂದರು. ಕಾಂಪೌಂಡರು ಚೀಟಿ ಹರಿದು ಕಂಬಿಯ ಸಂದಿಯಲ್ಲಿ ಚಾಚಿದ. ಸಾಬರ ಕೈ ಅದನ್ನು ಹುಡುಕಿ ಹಿಡಿಯಿತು. “ಡ್ರೈವರ್ರೇ, ಗೇಟಿಗೆ ಅಡ್ಡ ಗಾಡಿ ನಿಲ್ಸಿದ್ದೀರಲ್ರೀ, ಮೊದ್ಲು ತೆಗೀರಿ” ಎಂದ ಕಾಂಪೌಂಡರು. ಸಾಲಿನವರು ಅವನಿಗೆ ದಾರಿ ಬಿಟ್ಟರು. ಬಯ್ಯಪ್ಪ ಹೊರಗೆ ಬಂದು, ಲಾರಿ ಹತ್ತಿ, ಗಾಡಿ ತೆಗೆದ.